ಸಣ್ಣಪುಟ್ಟ ರಿಪೇರಿ

ಮನೆ ಖಾಲಿಯಾದ ಮೇಲೆ ಅದರ ಸದ್ದುಗಳೇ ಬೇರೆಯಾಗಿಬಿಟ್ಟಿದ್ದವು. ಕೆಮ್ಮಿದರೆ ಆ ಕೆಮ್ಮು ಅಡುಗೆಮನೆಯ ತನಕ ಹೋಗಿ ವಾಪಸು ಬರುತ್ತಿತ್ತು. ಹೆಂಡತಿಯ ತಮ್ಮ ಬೆಳಗ್ಗೆ ಎಂಟಕ್ಕೇ ಗೂಡ್ಸ್ ಆಟೋ ತಂದು ಮಂಚ, ಬೀರು, ಪಾತ್ರೆ ತುಂಬಿದ ಮೂರು ಗೋಣಿಚೀಲಗಳನ್ನು ಏರಿಸಿಕೊಂಡು ಹೋಗಿದ್ದ. ಅವಳ ಹೊಲಿಗೆ ಯಂತ್ರವೊಂದು ಎರಡನೆಯ ಸುತ್ತಿಗೆಂದು ಉಳಿದಿತ್ತು. ಅವನು ಆ ಯಂತ್ರದ ಸ್ಟೂಲಿನ ಮೇಲೆ ಕೂತಿದ್ದ. ಕೂರಲು ಬೇರೇನೂ ಇರಲಿಲ್ಲ ಎಂಬುದು ನಿಜ, ಆದರೆ ಈ ಮನೆಯಲ್ಲಿ ಕಳೆದ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅದರ ಮೇಲೆ ಕೂತವನಲ್ಲ ಎಂಬುದೂ ನಿಜ. ಎದುರಿಗೆ ಬಚ್ಚಲುಮನೆ. ಅದಕ್ಕೆ ಬಾಗಿಲಿರಲಿಲ್ಲ. ಎರಡು ತಿಂಗಳು ಅಲ್ಲಿ ಒಂದು ಹಳೆಯ ಹೊದಿಕೆಯನ್ನು ಮೊಳೆಗೆ ಸಿಕ್ಕಿಸಿಕೊಂಡು ಕಾಲ ಹಾಕಿದ್ದ. ಬಾಮೈದ ಇವತ್ತು ಅದನ್ನೂ ಮಡಚಿ ಒಯ್ದಿದ್ದರಿಂದ ಒಳಗಿನ ನಲ್ಲಿ, ಬಕೆಟ್ಟಿನ ಉಂಗುರ ಬಿದ್ದ ನೆಲ, ಸೋಪಿಡುವ ಗೂಡು ಎಲ್ಲ ಕಣ್ಣಿಗೆ ಹೊಡೆಯುತ್ತಿದ್ದವು. ಹನ್ನೊಂದು ಗಂಟೆಗೆ ಕೆಳಗಿನ ಮನೆಯಲ್ಲಿರುವ ಮಾಲೀಕರು ಮೇಲೆ ಬರುವವರಿದ್ದರು. ಮನೆ ನೋಡಿ ಬೀಗದ ಕೈ ಇಸಕೊಳ್ಳುವುದು, ಅಷ್ಟೇ ಕೆಲಸ. ಅವನ ಅಂಗಿಯ ಜೇಬಿನಲ್ಲಿ ಒಂದು ಕಾರ್ಡಿತ್ತು. ರಿಜಿಸ್ಟರ್ ಅಂಚೆ ತಲುಪಿದ್ದಕ್ಕೆ ಸಹಿ ಹಾಕಿಸಿಕೊಂಡು ಕಳಿಸಿದವರಿಗೆ ವಾಪಸು ತಂದುಕೊಡುತ್ತಾರಲ್ಲ, ಆ ಕಾರ್ಡು. ಬೀಗದ ಕೈ ಕೊಡುವ ಮೊದಲು ಅದನ್ನು ಅವರ ಮುಂದೆ ಹಿಡಿಯಬೇಕು. ಈ ಬಚ್ಚಲ ಬಾಗಿಲು ಯಾರಿಗೆ ಸೇರಿದ್ದು ಎಂದು ಕೇಳಬೇಕು. ಅವರು ಬಾಯಿಬಿಟ್ಟು ‘ನನಗೆ ಸೇರಿದ್ದು’ ಅನ್ನಬೇಕು. ಅವನಿಗೆ ಬೇಕಾಗಿದ್ದು ಇಷ್ಟೇ. ಎರಡು ತಿಂಗಳಿಂದ ಇದೊಂದಕ್ಕಾಗಿ ಅವನು ಊಟ ಮಾಡಿದ್ದ, ಕೆಲಸಕ್ಕೆ ಹೋಗಿದ್ದ, ಕಣ್ಣು ಮುಚ್ಚಿಕೊಂಡು ಮಲಗಿದ್ದ.

ಕೆಲಸವೂ ಅಂಥದ್ದೇ. ನೋಂದಣಿ ಕಚೇರಿಯ ಕಾಂಪೌಂಡಿಗೆ ಒರಗಿಕೊಂಡಿರುವ ತಗಡಿನ ಸಾಲಿನಲ್ಲಿ ಕೂತು ಕರಾರು ಪತ್ರ ಟೈಪು ಮಾಡುವುದು. ಬಾಡಿಗೆ ಕರಾರು ಅಂದರೆ ಜನ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು, ಯಾಕೆಂದರೆ ಉಳಿದವರು ಐದು ಕಲಂ ಹಾಕಿ ಕೈ ತೊಳೆದುಕೊಳ್ಳುವ ಕಡೆ ಅವನು ಹದಿನಾಲ್ಕು ಹಾಕುತ್ತಿದ್ದ. ಸಾಲಿನಲ್ಲಿ ಅವನಿಗೆ ಕಲಂ ಎಂದೇ ಹೆಸರು. ‘ಕಲಂ ಬಂದ್ರು, ಜಾಗ ಬಿಡ್ರಪ್ಪಾ, ಇಲ್ಲಾಂದ್ರೆ ನೋಟೀಸು ಕೊಡ್ತಾರೆ’ ಎಂದು ಛಾಪಾಕಾಗದ ಮಾರುವವನು ತಮಾಷೆ ಮಾಡಿದರೆ ಮುಖ ಗಂಟು ಹಾಕಿಕೊಂಡರೂ ಒಳಗೊಳಗೇ ಹಿತವಾಗುತ್ತಿತ್ತು. ಜಗತ್ತಿನಲ್ಲಿ ಅರ್ಧ ಜಗಳ ಯಾವುದು ಯಾರದ್ದು ಎಂದು ಮೊದಲೇ ಬರೆದಿಡದೆ ಹುಟ್ಟಿದ್ದು ಎಂದು ಅವನು ನಂಬಿದ್ದ. ಬಲ್ಬು ಬಾಡಿಗೆದಾರನದ್ದು, ಗೋಡೆಯೊಳಗಿನ ವೈರು ಮಾಲೀಕನದ್ದು. ನಲ್ಲಿಯ ವಾಷರ್ ಬಾಡಿಗೆದಾರನದ್ದು, ನಲ್ಲಿಗೆ ನೀರು ತರುವ ಪೈಪು ಮಾಲೀಕನದ್ದು. ಚಿಲಕ ಬಾಡಿಗೆದಾರನದ್ದು, ಚೌಕಟ್ಟು ಮಾಲೀಕನದ್ದು. ಒಂಬತ್ತನೆಯ ಕಲಮಿನಲ್ಲಿ ಇದನ್ನೆಲ್ಲ ಅವನು ಎಷ್ಟು ಸಾವಿರ ಸಲ ಬಡಿದಿದ್ದನೋ, ಬೆರಳುಗಳು ತಾವಾಗಿಯೇ ಓಡುತ್ತಿದ್ದವು: ಮನೆಯ ಸಣ್ಣಪುಟ್ಟ ರಿಪೇರಿ ಬಾಡಿಗೆದಾರರಿಗೆ ಸೇರಿದ್ದು. ಆದರೆ ಅದೇ ಬೆರಳುಗಳಿಗೆ ಒಂದು ವಾಷರ್ ಬದಲಾಯಿಸಲು ಬರುತ್ತಿರಲಿಲ್ಲ. ಸ್ಕ್ರೂಡ್ರೈವರನ್ನು ಪೆನ್ನು ಹಿಡಿದ ಹಾಗೆ ಹಿಡಿಯುತ್ತಾನೆಂದು ಹೆಂಡತಿ ನಗುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಆ ನಗು ಅವನಿಗೂ ನಗು ತರಿಸುತ್ತಿತ್ತು.

ಮಾಲೀಕರು ಕಾರ್ಖಾನೆಯೊಂದರಲ್ಲಿ ಫಿಟ್ಟರಾಗಿದ್ದು ನಿವೃತ್ತರಾದವರು. ಕೆಳಗಿನ ಮನೆಯಲ್ಲಿ ಅವರು ಮತ್ತು ಕಿವಿ ಕೇಳದ ಅವರ ಅಕ್ಕ. ಮೊದಲ ಹತ್ತು ವರ್ಷ ಈ ಮನೆಯಲ್ಲಿ ಏನೇ ಕೆಟ್ಟರೂ ಫಿಟ್ಟರು ಕ್ಯಾನ್ವಾಸ್ ಚೀಲ ಹೆಗಲಿಗೆ ಹಾಕಿಕೊಂಡು ಹೊರಗಿನ ಮೆಟ್ಟಿಲು ಹತ್ತಿ ಬಂದುಬಿಡುತ್ತಿದ್ದರು. ಕರೆಯಬೇಕೆಂದೇನೂ ಇರಲಿಲ್ಲ. ನಲ್ಲಿ ತೊಟ್ಟಿಕ್ಕುವ ಸದ್ದು ಕೆಳಗೆ ಕೂತವರಿಗೆ ಹೇಗೆ ಕೇಳಿಸುತ್ತಿತ್ತೋ, ಆ ಪುಣ್ಯಾತ್ಮನಿಗೆ ಕೇಳಿಸುತ್ತಿತ್ತು. ಅವಳನ್ನು ತಾಯಿ ಅನ್ನುತ್ತಿದ್ದರು, ಅವಳು ಅವರನ್ನು ಮಾಮಾ ಅನ್ನುತ್ತಿದ್ದಳು. ಅವನನ್ನು ಮಾತ್ರ ಮೇಷ್ಟ್ರೇ ಎಂದು ಕರೆಯುತ್ತಿದ್ದರು. ಟೈಪು ಮಾಡುವವನು ಮೇಷ್ಟ್ರು ಹೇಗಾಗುತ್ತಾನೆ ಎಂದು ಅವನು ಒಮ್ಮೆ ತಿದ್ದಲು ಹೋದಾಗ, ‘ಅಕ್ಷರ ಇರೋರೆಲ್ಲ ನಮಗೆ ಮೇಷ್ಟ್ರೇ ಅಲ್ವಾ’ ಅಂದಿದ್ದರು. ಪಿಂಚಣಿ ಕಚೇರಿಯಿಂದ ಕಾಗದ ಬಂದರೆ ತಂದು ಅವನ ಕೈಯಲ್ಲಿ ಕೊಟ್ಟು, ‘ಕನ್ನಡಕ ಬಿಟ್ಟು ಬಂದೆ, ಸ್ವಲ್ಪ ಓದಿ’ ಅನ್ನುತ್ತಿದ್ದರು. ಹತ್ತು ವರ್ಷ ಪ್ರತಿಸಲವೂ ಕನ್ನಡಕ ಬಿಟ್ಟೇ ಬಂದಿದ್ದರು. ಅವನು ಓದಿ ಹೇಳುತ್ತಿದ್ದ, ಉತ್ತರ ಬರೆದುಕೊಡುತ್ತಿದ್ದ, ಸಹಿ ಮಾಡಬೇಕಾದ ಜಾಗದಲ್ಲಿ ಬೆರಳಿಡುತ್ತಿದ್ದ. ಅವರು ತಮ್ಮ ಹೆಸರಿನ ನಾಲ್ಕು ಅಕ್ಷರಗಳನ್ನು ಒಂದೊಂದಾಗಿ, ಉಸಿರು ಬಿಗಿಹಿಡಿದು ಬರೆಯುತ್ತಿದ್ದರು. ಈ ಮನುಷ್ಯನಿಗೆ ಓದಲು ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತೇ? ಗೊತ್ತಿತ್ತು. ಗೊತ್ತಿಲ್ಲದ ಹಾಗೆ ನಡೆದುಕೊಳ್ಳುವುದೇ ಮರ್ಯಾದೆ ಎಂದುಕೊಂಡಿದ್ದ.

ಒಂದು ದಿನ ತಲೆನೋವೆಂದು ಮಧ್ಯಾಹ್ನವೇ ಮನೆಗೆ ಬಂದಾಗ ಮೆಟ್ಟಿಲಿನಲ್ಲೇ ಅವಳ ನಗು ಕೇಳಿಸಿತು. ಜೋರು ನಗು, ಹೊಟ್ಟೆ ಹಿಡಿದುಕೊಂಡು ನಗುವಂಥದ್ದು. ಒಳಗೆ ಫಿಟ್ಟರು ಅಡುಗೆಮನೆಯ ನಲ್ಲಿಯ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಅವಳು ಕತ್ತರಿ ಕೈಯಲ್ಲೇ ಹಿಡಿದುಕೊಂಡು ಗೋಡೆಗೆ ಒರಗಿ ಕಣ್ಣೊರೆಸಿಕೊಳ್ಳುತ್ತಿದ್ದಳು. ‘ಏನು ವಿಷಯ?’ ಎಂದು ಕೇಳಿದ. ಇಬ್ಬರೂ ಸುಮ್ಮನಾದರು. ‘ಏನಿಲ್ಲ ಬಿಡಿ, ಕಾರ್ಖಾನೆ ಕತೆ’ ಅಂದಳು. ಅನುಮಾನ ಪಡುವಷ್ಟು ಮೂರ್ಖನಲ್ಲ ಅವನು. ಅವರು ಅವಳ ತಂದೆಯ ವಯಸ್ಸಿನವರು. ಅವನನ್ನು ಕುಟುಕಿದ್ದು ಇನ್ನೂ ಸಣ್ಣದು. ತನ್ನ ಮನೆಯಲ್ಲಿ ತಾನು ಬಂದ ಕೂಡಲೇ ನಗು ನಿಂತಿತಲ್ಲ ಎಂಬುದು. ತಾನು ಏನನ್ನೂ ಸರಿಮಾಡಲು ಬರದವನಾದ್ದರಿಂದ ತನ್ನ ಮನೆಯೊಳಗೆ ಇನ್ನೊಬ್ಬರು ಹೀಗೆ ಚಕ್ಕಳಮಕ್ಕಳ ಹಾಕಿ ಕೂರುತ್ತಾರಲ್ಲ ಎಂಬುದು. ಮುಂದಿನ ತಿಂಗಳು ಕರಾರು ನವೀಕರಣಕ್ಕೆ ಬಂತು. ಒಂಬತ್ತನೆಯದರ ಕೆಳಗೆ ಹೊಸದಾಗಿ ಹತ್ತನೆಯ ಕಲಂ ಸೇರಿಸಿದ: ಮಾಲೀಕರು ಇಪ್ಪತ್ತನಾಲ್ಕು ಗಂಟೆ ಮುಂಚಿತವಾಗಿ ಲಿಖಿತವಾಗಿ ತಿಳಿಸದೆ ಮನೆಯೊಳಗೆ ಪ್ರವೇಶಿಸತಕ್ಕದ್ದಲ್ಲ. ‘ಲಿಖಿತವಾಗಿ’ ಎಂಬ ಪದದ ಹತ್ತಿರ ಬೆರಳು ಒಂದು ಗಳಿಗೆ ನಿಂತಿತ್ತು. ನಿಂತು, ಬಡಿದಿತ್ತು. ಫಿಟ್ಟರು ಎಂದಿನಂತೆ ‘ನೀವು ಬರೆದಿದ್ದೀರಿ ಅಂದ್ಮೇಲೆ ಸರಿಯೇ ಇರುತ್ತೆ’ ಎಂದು ನಾಲ್ಕು ಅಕ್ಷರ ಬರೆದರು. ವಾರದ ನಂತರ ಅವರು ಚೀಲ ಹಿಡಿದು ಬಂದಾಗ ಅವನೇ ಬಾಗಿಲಲ್ಲಿ ನಿಂತು ಆ ಕಲಮನ್ನು ಬಾಯಿಪಾಠ ಒಪ್ಪಿಸಿದ. ಅವರು ಕೇಳಿಸಿಕೊಂಡರು. ‘ಓ, ಹಂಗಾ’ ಅಂದರು. ಚೀಲವನ್ನು ಆ ಹೆಗಲಿಂದ ಈ ಹೆಗಲಿಗೆ ಬದಲಿಸಿ ಇಳಿದುಹೋದರು.

ಆಮೇಲೆ ಬಂದದ್ದು ಬಚ್ಚಲ ಚಿಲಕ. ಗೋಡೆಯೊಳಗಿನ ಪೈಪು ಎಲ್ಲೋ ಸೋರಿ ಚೌಕಟ್ಟು ಉಬ್ಬಿತ್ತು. ಬಾಗಿಲು ಕುಸಿದು ಚಿಲಕದ ಮೂತಿ ಸೊಟ್ಟಗಾಗಿತ್ತು. ಒಳಗಿನಿಂದ ಹಾಕಿಕೊಂಡರೆ ತೆಗೆಯಲು ಬಾಗಿಲನ್ನು ಎರಡೂ ಕೈಯಿಂದ ಮೇಲಕ್ಕೆತ್ತಿ ಜಗ್ಗಬೇಕು. ಅವಳಿಗೆ ಎದೆ ಭಾರವಾಗುವ ತೊಂದರೆ ಇತ್ತು, ಮಾತ್ರೆ ನುಂಗುತ್ತಿದ್ದಳು. ‘ಮಾಮನಿಗೆ ಒಂದು ಮಾತು ಹೇಳಿದ್ರೆ ಹತ್ತು ನಿಮಿಷದ ಕೆಲಸ ರೀ’ ಅಂದಳು. ಅವನು ತಲೆಯಾಡಿಸಲಿಲ್ಲ. ಯೋಚಿಸಿದ. ಚಿಲಕ ತನ್ನದು, ಸರಿ. ಆದರೆ ಚಿಲಕ ಕೆಟ್ಟದ್ದು ಚೌಕಟ್ಟಿನಿಂದ, ಚೌಕಟ್ಟು ಕೆಟ್ಟದ್ದು ಪೈಪಿನಿಂದ. ಎರಡೂ ಮಾಲೀಕನದ್ದು. ಇಪ್ಪತ್ತಾರು ವರ್ಷದ ವೃತ್ತಿಯಲ್ಲಿ ಇಷ್ಟು ಚೊಕ್ಕವಾದ ಪ್ರಕರಣ ಅವನಿಗೆ ಸಿಕ್ಕಿರಲಿಲ್ಲ. ಎರಡು ಪುಟದ ಕಾಗದ ಟೈಪು ಮಾಡಿದ, ಒಂಬತ್ತನೆಯ ಕಲಮನ್ನು ಪೂರ್ತಿ ಉಲ್ಲೇಖಿಸಿದ, ಕಚೇರಿಯ ಎದುರಿನ ಅಂಚೆಮನೆಗೆ ಹೋಗಿ ರಿಜಿಸ್ಟರ್ ಮಾಡಿದ. ಹದಿನೆಂಟು ಮೆಟ್ಟಿಲು ಕೆಳಗಿರುವ ಮನುಷ್ಯನಿಗೆ. ಆ ಕಾಗದ ಊರೆಲ್ಲ ಸುತ್ತಿ ಮೂರನೆಯ ದಿನ ಅದೇ ಗೇಟಿಗೆ ಬಂತು. ಅಂಚೆಯವನು ಗೇಟಿನಲ್ಲಿ ನಿಂತು, ‘ಏನ್ ಯಜಮಾನ್ರೇ, ಮೇಲ್ಗಡೆಯವರೇ ಕಳ್ಸಿದಾರೆ, ಮೆಟ್ಟಿಲು ಇಳಿಯೋಕೆ ಕಾಲುನೋವಾ ಅವರಿಗೆ’ ಎಂದು ಕೇಳಿದ್ದು ಅಕ್ಕಪಕ್ಕದ ಎರಡು ಮನೆಗಳಿಗೂ ಕೇಳಿಸಿತಂತೆ. ಸಂಜೆ ಅವಳು ಇದನ್ನು ಹೇಳಿದಾಗ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ‘ಕೆಳಗಡೇನೇ ಇದ್ದಾರಲ್ರೀ’ ಅಂದಳು, ಅಷ್ಟೇ. ಎರಡು ದಿನದ ಮೇಲೆ ನಾಲ್ಕು ನಡುಗುವ ಅಕ್ಷರಗಳಿದ್ದ ಕಾರ್ಡು ವಾಪಸು ಬಂತು. ಅದನ್ನು ಅವನು ಕಡತಕ್ಕೆ ಸೇರಿಸಿ, ಅವಳಿಗೂ ತೋರಿಸಿ, ಇನ್ನು ಏನೇ ಆದರೂ ತಪ್ಪು ತಮ್ಮದಲ್ಲ ಎಂದು ಹೇಳಿದ.

ಏನೇ ಆದರೂ ಎಂದಿದ್ದನಲ್ಲ, ಆ ಮಾತನ್ನು ಈಗ ಖಾಲಿ ಮನೆಯಲ್ಲಿ ಕೂತು ಮೆಲ್ಲಗೆ ಹೇಳಿಕೊಂಡು ನೋಡಿದ. ಕಾಗದ ತಲುಪಿದ ದಿನದಿಂದ ಆ ಬೆಳಿಗ್ಗೆಯ ತನಕ ಹತ್ತೊಂಬತ್ತು ದಿನ. ಅಷ್ಟೂ ದಿನ ಅವನೂ ಫಿಟ್ಟರೂ ಗೇಟಿನಲ್ಲಿ ಎದುರಾದರೆ ಒಬ್ಬರು ಚಪ್ಪಲಿ ನೋಡಿಕೊಳ್ಳುವುದು, ಇನ್ನೊಬ್ಬರು ಆಕಾಶ ನೋಡುವುದು. ಒಂದು ಸಂಜೆ, ಹದಿನೇಳನೆಯದೋ ಹದಿನೆಂಟನೆಯದೋ ದಿನ, ಅವಳು ಯಂತ್ರದ ಗಾಲಿ ನಿಲ್ಲಿಸಿ ‘ನಿಮಗೊಂದು ಮಾತು ಹೇಳ್ಬೇಕು, ಕೋಪ ಮಾಡ್ಕೋಬಾರ್ದು’ ಅಂದಳು. ‘ಯಾವುದರ ಬಗ್ಗೆ?’ ‘ಆ ಚಿಲಕದ್ದು.’ ಅವನು ತಟ್ಟನೆ ಕೈಯೆತ್ತಿದ. ಚಿಲಕದ ಮಾತು ಈಗ ಬಾಯಿಮಾತಲ್ಲ, ಲಿಖಿತವಾಗಿದೆ, ಮೂವತ್ತು ದಿನ ಆಗಲಿ, ಎರಡನೆಯ ನೋಟೀಸು ಕಳಿಸೋಣ ಎಂದ. ಯಂತ್ರದ ಪುಟ್ಟ ಖಾನೆಯನ್ನು ಅರ್ಧ ಎಳೆದಿದ್ದಳು, ಅದನ್ನು ಮತ್ತೆ ತಳ್ಳಿದಳು. ‘ಸರಿ, ಆಮೇಲೆ ಹೇಳ್ತೀನಿ’ ಅಂದಳು. ಆ ಆಮೇಲೆ ಬರಲಿಲ್ಲ. ಅವಳು ಏನು ಹೇಳಲಿದ್ದಳು ಎಂದು ಅವನು ಎರಡು ತಿಂಗಳು ಯೋಚಿಸಿ, ಕೊನೆಗೆ, ಚಿಲಕ ಸರಿಮಾಡಿಸಿ ಎಂದು ಮತ್ತೊಮ್ಮೆ ಗೋಗರೆಯಲಿದ್ದಳು ಅಷ್ಟೇ ಎಂದು ತೀರ್ಮಾನಿಸಿದ್ದ.

ಆ ಬೆಳಿಗ್ಗೆಯ ಬಗ್ಗೆ ಅವನು ಯಾರಿಗೂ ಪೂರ್ತಿ ಹೇಳಿರಲಿಲ್ಲ. ಅವಳು ಸ್ನಾನಕ್ಕೆ ಹೋಗಿದ್ದಳು, ಬಾಗಿಲು ಸಿಕ್ಕಿಕೊಂಡಿತ್ತು, ತೆಗೆಯಲು ಜಗ್ಗಿ ಜಗ್ಗಿ ಆಯಾಸವಾಗಿ ಬಿದ್ದಳು. ಇದಿಷ್ಟು ಎಲ್ಲರಿಗೂ ಗೊತ್ತು. ಅವನು ಆಗ ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತಿದ್ದ ಎಂಬುದೂ ಗೊತ್ತು. ಗೊತ್ತಿಲ್ಲದ್ದು ಇದು: ಅವಳು ಕರೆದಳು. ‘ರೀ, ಬಾಗಿಲು ಬರ್ತಿಲ್ಲ’ ಎಂದು ಕರೆದಳು. ‘ಮೇಲಕ್ಕೆತ್ತಿ ಎಳಿ’ ಎಂದು ಅವನು ಕನ್ನಡಿಗೆ ಹೇಳಿದ. ಬಾಗಿಲು ಗಡಗಡ ಅಂದಿತು. ಮತ್ತೆ ಕರೆದಳು. ಆಗ ಅವನೊಳಗೆ ಎದ್ದದ್ದು ಗಾಬರಿಯಲ್ಲ, ಒಂದು ಬಗೆಯ ತೃಪ್ತಿ. ಆಯಿತಲ್ಲ, ಈಗ ಆಯಿತಲ್ಲ, ನಾನು ಬರೆದಂತೆಯೇ ಆಯಿತಲ್ಲ ಎಂಬ ತೃಪ್ತಿ. ಎರಡನೆಯ ನೋಟೀಸಿನ ವಾಕ್ಯ ತಲೆಯೊಳಗೆ ತಾನಾಗಿ ಟೈಪಾಗತೊಡಗಿತ್ತು: ‘ದಿನಾಂಕ ಇಂತಿಂಥದರಂದು ನನ್ನ ಪತ್ನಿಯು ಸದರಿ ಬಾಗಿಲಿನಿಂದಾಗಿ ಸ್ನಾನದ ಮನೆಯಲ್ಲಿ ಸಿಲುಕಿಕೊಂಡು...’ ತೊಂದರೆಗೀಡಾಗಿ ಎಂದು ಹಾಕುವುದೋ, ಅಪಾಯಕ್ಕೀಡಾಗಿ ಎಂದೋ? ಅಪಾಯ ಅಂದರೆ ತೂಕ ಜಾಸ್ತಿ. ಮೂರನೆಯ ಸಲ ಕರೆದಾಗ ದನಿ ಸಣ್ಣದಾಗಿತ್ತು. ಬಾಚಣಿಗೆ ಕೈಯಲ್ಲೇ ಇತ್ತು. ಅವಳು ಬಿದ್ದ ಸದ್ದು ಕೇಳಿದ ಮೇಲೆಯೇ ಅವನು ತಿರುಗಿದ್ದು. ಆಮೇಲೆ ಬಾಗಿಲಿಗೆ ಭುಜ ಕೊಟ್ಟು ತಳ್ಳಿದ, ಕೂಗಿದ, ಅದು ಅಲುಗಲಿಲ್ಲ. ಮೆಟ್ಟಿಲಿಗೆ ಓಡಿದ, ಓಡಿದವನು ಮೇಲಿನ ಮೆಟ್ಟಿಲಲ್ಲಿ ಒಂದು ಕ್ಷಣ, ಒಂದೇ ಕ್ಷಣ, ಹತ್ತೊಂಬತ್ತು ದಿನ ಮಾತಾಡದ ಮನುಷ್ಯನನ್ನು ಏನೆಂದು ಕರೆಯುವುದೆಂದು ತಡವರಿಸಿದ. ಕರೆಯಬೇಕಾಗಿಯೇ ಬರಲಿಲ್ಲ. ಫಿಟ್ಟರು ಕೆಳಗಿನ ಮೆಟ್ಟಿಲಲ್ಲೇ ನಿಂತಿದ್ದರು, ಹೆಗಲಲ್ಲಿ ಚೀಲ. ಎರಡೆರಡು ಮೆಟ್ಟಿಲು ಹಾರಿ ಬಂದರು. ಸಣ್ಣ ಹಾರೆಯನ್ನು ಸಂದಿಗೆ ಕೊಟ್ಟು ಬಾಗಿಲನ್ನು ಸೀಳಿದರು. ಎಷ್ಟು ಬೇಗ ಬಂದರಪ್ಪಾ ಎಂದು ಆ ಗದ್ದಲದಲ್ಲೂ ಅವನಿಗೆ ಅನ್ನಿಸಿತ್ತು.

ಆಸ್ಪತ್ರೆಯಲ್ಲಿ ಎರಡು ದಿನ. ಅವಳು ಕಣ್ಣು ಬಿಡದೆಯೇ ಹೋಗಿಬಿಟ್ಟಳು. ಇನ್ನೂ ಸ್ವಲ್ಪ ಮೊದಲೇ ಬಾಗಿಲು ತೆಗೆದಿದ್ದರೆ ಎಂದು ಅವನು ಡಾಕ್ಟರನ್ನು ಕೇಳಿದ. ಆಕೆ ಕೈಯಲ್ಲಿದ್ದ ಕಾಗದ ನೋಡುತ್ತಾ, ‘ಅದನ್ನೆಲ್ಲ ಈಗ ಯಾಕೆ ಯೋಚಿಸ್ತೀರಿ’ ಅಂದರು. ಉತ್ತರ ಅದರಲ್ಲೇ ಇತ್ತು. ಬಾಮೈದ ಕಾರಿಡಾರಿನಲ್ಲಿ ಗೋಡೆಗೆ ಒರಗಿ, ‘ಭಾವ, ಚಿಲಕ ಕೆಟ್ಟಿದೆ ಅಂತ ಅಕ್ಕ ಫೋನಲ್ಲಿ ಹೇಳಿದ್ಲು. ಮಾಡಿಸಿರ್ಲಿಲ್ವಾ?’ ಎಂದು ಕೇಳಿದ. ದೂರುವ ದನಿಯೇನಲ್ಲ. ‘ಅದು ಮಾಲೀಕರಿಗೆ ಸೇರಿದ್ದು. ನಾನು ನೋಟೀಸು ಕೊಟ್ಟಿದ್ದೆ’ ಎಂದು ಅವನು ಹೇಳಿದ. ಬಾಮೈದ ಕುಡಿಯುವ ನೀರು ತರಲು ಹೋದ. ಅವತ್ತಿನಿಂದ ಅವನಿಗೆ ಆ ಕಾರ್ಡು ಜೇಬಿನಲ್ಲಿರದಿದ್ದರೆ ಎದೆಯ ಆ ಭಾಗ ಬರಿದೆನಿಸುತ್ತಿತ್ತು.

ಮೆಟ್ಟಿಲ ಮೇಲೆ ಏನೋ ತಗಲಿದ ಸದ್ದಾಯಿತು. ಎದ್ದು ಹೋಗಿ ನೋಡಿದರೆ ಫಿಟ್ಟರು ಬಚ್ಚಲ ಬಾಗಿಲನ್ನು ಬೆನ್ನಿಗೆ ಹೊತ್ತು, ಬಗ್ಗಿಕೊಂಡು, ಗೋಡೆ ಹಿಡಿದು ಹತ್ತುತ್ತಿದ್ದರು. ಸೀಳಿದ ಜಾಗಕ್ಕೆ ಹೊಸ ಹಲಗೆ ಕೂರಿಸಿದ್ದರು, ಅಂಚು ಕೀಸಿ ನುಣುಪು ಮಾಡಿದ್ದರು, ಬಣ್ಣ ಇನ್ನೂ ಹೊಡೆದಿರಲಿಲ್ಲ. ಎರಡು ತಿಂಗಳಲ್ಲಿ ಮುದುಕರ ಕುತ್ತಿಗೆ ಇಳಿದುಹೋಗಿತ್ತು. ಅವನು ಇಳಿದು ಹೋಗಿ ಇನ್ನೊಂದು ತುದಿ ಹಿಡಿದ. ಇಬ್ಬರೂ ಅದನ್ನು ಮೇಲೆ ತಂದರು. ತಿರುವಿನಲ್ಲಿ ಮಾತ್ರ ‘ನಿಮ್ಮ ಕಡೆ ಸ್ವಲ್ಪ ಎತ್ತಿ’ ಎಂದು ಅವರು, ‘ಹೂಂ’ ಎಂದು ಅವನು. ಬಾಗಿಲನ್ನು ಗೋಡೆಗೆ ಒರಗಿಸಿ ಫಿಟ್ಟರು ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡರು. ಇದೇ ಸಮಯ ಎಂದು ಅವನು ಜೇಬಿಗೆ ಕೈ ಹಾಕಿದ.

‘ಯಜಮಾನ್ರೇ, ಒಂದು ವಿಷಯ ಇತ್ಯರ್ಥ ಆಗ್ಬೇಕು. ಈ ಬಾಗಿಲು...’

‘ಬಾಗಿಲು ನಂದೇ ಮೇಷ್ಟ್ರೇ, ಅದರಲ್ಲೇನು ಮಾತು’ ಅಂದರು ಫಿಟ್ಟರು. ‘ಪೈಪು ನಂದು, ಚೌಕಟ್ಟು ನಂದು. ತಪ್ಪು ನಂದೇ.’

ಅವರು ಅದನ್ನು ಎಷ್ಟು ಸಲೀಸಾಗಿ ಅಂದರೆಂದರೆ ಅವನ ಕೈ ಜೇಬಿನಲ್ಲೇ ಉಳಿಯಿತು. ಎರಡು ತಿಂಗಳು ಕಾದ ಮಾತು ಬಂದೇ ಬಂದಿತ್ತು, ಕೇಳುವ ಮೊದಲೇ ಬಂದಿತ್ತು. ಅದು ಬಂದ ಮೇಲೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದ. ಏನೂ ಆಗಲಿಲ್ಲ. ಬಚ್ಚಲುಮನೆ ಅಲ್ಲೇ ಇತ್ತು, ಬಕೆಟ್ಟಿನ ಉಂಗುರ ಅಲ್ಲೇ ಇತ್ತು. ಫಿಟ್ಟರು ಆಗಲೇ ಮಂಡಿಯೂರಿ ಚೀಲ ಬಿಚ್ಚಿದ್ದರು. ಅವನು ಬಾಗಿಲನ್ನು ಎತ್ತಿ ಹಿಡಿದ, ಅವರು ಕೀಲುಗಳಿಗೆ ಸ್ಕ್ರೂ ಬಿಗಿದರು. ಚೌಕಟ್ಟನ್ನು ಉಳಿಯಿಂದ ಅಷ್ಟಿಷ್ಟು ಕೆತ್ತಿ ಬಾಗಿಲನ್ನು ಹಿಂದೆ ಮುಂದೆ ಆಡಿಸಿದರು. ಎಲ್ಲೂ ತಾಗಲಿಲ್ಲ. ಆಮೇಲೆ ಕೈ ಚಾಚಿದರು.

‘ಆ ಚಿಲಕ ಕೊಡಿ.’

‘ಯಾವ ಚಿಲಕ?’

‘ಅದೇ ಅವತ್ತು ತಾಯಿ ಕೈಲಿ ಕೊಟ್ಟು ಹೋದ್ನಲ್ಲ, ಹಿತ್ತಾಳೇದು. ಸಾಮಾನಿನ ಜೊತೆ ಹೋಯ್ತಾ?’

‘ಯಾವತ್ತು?’ ಎಂದು ಅವನು ಕೇಳಿದ.

ಫಿಟ್ಟರು ಅವನ ಮುಖ ನೋಡಿದರು. ಹೇಳಬಾರದ್ದನ್ನು ಹೇಳಿದೆನೇನೋ ಎಂಬಂತೆ ಉಳಿಯನ್ನು ಬಟ್ಟೆಯಲ್ಲಿ ಒರೆಸತೊಡಗಿದರು. ‘ನಿಮ್ಮ ಕಾಗದ ಬಂದ ಮಾರನೇ ದಿನ. ಕಾಗದ ಬಂತಲ್ಲ, ನನಗೆ ಗೊತ್ತಾಗ್ಬೇಕಲ್ಲ ಏನಿದೆ ಅಂತ. ನಮ್ಮಕ್ಕನಿಗೂ ಅಕ್ಷರ ಇಲ್ಲ. ಯಾವಾಗ್ಲೂ ನಿಮ್ಮ ಹತ್ರಾನೇ ಓದಿಸ್ತಿದ್ದೆ, ಇದನ್ನ ನಿಮ್ಮ ಹತ್ರ ಹೆಂಗೆ ತರೋದು? ನೀವು ಕೆಲ್ಸಕ್ಕೆ ಹೋದ್ಮೇಲೆ ತಾಯೀನ ಕೆಳಗಿನ ಮೆಟ್ಟಿಲಿಗೆ ಕರೆದು ಓದಿಸ್ಕೊಂಡೆ. ಪಾಪ, ಓದ್ತಾ ಓದ್ತಾ ನಡೂನಡುವೆ ಒಂದಿಷ್ಟು ಬಿಟ್ಟೇ ಓದಿದ್ರು, ನನಗೆ ಗೊತ್ತಾಯ್ತು. ಚಿಲಕ ಕೆಟ್ಟಿದೆ ಮಾಮಾ, ಅಷ್ಟೇ ಇದೆ ಇದರಲ್ಲಿ, ಅಂದ್ರು. ಮಾರನೇ ದಿನ ಚಿಲಕ ತಗೊಂಡು ಬಂದೆ. ಬಾಗಿಲಲ್ಲೇ ನಿಲ್ಲಿಸಿದ್ರು. ಅವರು ಇಲ್ದಾಗ ಬೇಡ ಮಾಮಾ, ಮೊದಲು ಬರವಣಿಗೇಲಿ ತಿಳಿಸ್ಬೇಕಂತೆ, ಅವರಿಗೆ ಗೊತ್ತಾದ್ರೆ ಬೇಜಾರು ಮಾಡ್ಕೋತಾರೆ, ಅಂದ್ರು. ನಾನು ಎಲ್ಲಿಂದ ಬರೀಲಿ? ಇಲ್ಲೇ ಕೊಟ್ಟಿರಿ, ಅವರ ಮನಸ್ಸು ನೋಡ್ಕೊಂಡು ನಾನೇ ಹೇಳ್ತೀನಿ, ಅವರೇ ನಿಮ್ಮನ್ನ ಕರೀತಾರೆ, ಅಂತ ಇಸ್ಕೊಂಡ್ರು.’ ಬಟ್ಟೆ ಮಡಚುತ್ತಾ, ‘ಹೇಳಿರ್ಲಿಲ್ವಾ?’ ಎಂದು ಕೇಳಿದರು.

ಅವನು ಯಂತ್ರದ ಹತ್ತಿರ ಹೋದ. ಪುಟ್ಟ ಖಾನೆ ಅರ್ಧಕ್ಕೆ ಸಿಕ್ಕಿಕೊಂಡಿತು; ಎತ್ತಿ ಎಳೆದಾಗ ಬಂತು. ಬಾಬಿನು, ಸವೆದ ಸೀಮೆಸುಣ್ಣ, ಬೆರಳಿಗೆ ಹಾಕುವ ತಗಡಿನ ಟೋಪಿ, ಅಳತೆ ಟೇಪು. ಅದರ ಕೆಳಗೆ ಕಾಗದ ಸುತ್ತಿ ನೀಲಿ ದಾರ ಕಟ್ಟಿದ ಒಂದು ಪೊಟ್ಟಣ. ದಾರ ಬಿಚ್ಚಿದ. ಹಿತ್ತಾಳೆ ಚಿಲಕ ಅವನ ಅಂಗೈಗೆ ಜಾರಿತು, ಜೊತೆಗೆ ಎಂಟು ಸ್ಕ್ರೂ. ಸುತ್ತಿದ್ದ ಕಾಗದ ಅವನದ್ದೇ. ಎರಡನೆಯ ಪುಟ. ‘ಮೇಲ್ಕಂಡ ಒಂಬತ್ತನೆಯ ಕಲಮಿನ ಪ್ರಕಾರ’ ಎಂಬಲ್ಲಿ ಎಣ್ಣೆ ಹಿಡಿದು ಅಕ್ಷರಗಳು ಪಾರದರ್ಶಕವಾಗಿದ್ದವು. ಹದಿನೇಳನೆಯದೋ ಹದಿನೆಂಟನೆಯದೋ ದಿನ ಅವಳು ಇದೇ ಖಾನೆಯನ್ನು ಅರ್ಧ ಎಳೆದಿದ್ದಳು. ಅವನ ಮನಸ್ಸು ನೋಡಿಕೊಂಡು ಹೇಳಲು ಅಷ್ಟು ದಿನ ಕಾದಿದ್ದಳು. ದಿನವೂ ಸಂಜೆ ಅವನು ಚಪ್ಪಲಿ ಬಿಡುವುದನ್ನು ನೋಡಿ ಇವತ್ತೋ ನಾಳೆಯೋ ಎಂದು ಅಳೆಯುತ್ತಿದ್ದಳು. ದಿನವೂ ಬೆಳಿಗ್ಗೆ ಆ ಸೊಟ್ಟ ಚಿಲಕವನ್ನು ಹಾಕಿಕೊಂಡು ಸ್ನಾನ ಮಾಡುತ್ತಿದ್ದಳು, ಹೊಸದು ಹತ್ತು ಹೆಜ್ಜೆ ಆಚೆಗಿತ್ತು. ಅವನಿಗೆ ಹೆದರುತ್ತಿದ್ದಳೇ? ಹೆದರಿಕೆ ಅಲ್ಲ. ಅವನ ಮರ್ಯಾದೆ ಉಳಿಸಲು ನೋಡುತ್ತಿದ್ದಳು. ಹೆದರಿಕೆಯೇ ಆಗಿದ್ದರೆ ಇಷ್ಟು ನೋಯುತ್ತಿರಲಿಲ್ಲ.

‘ಕೊಡಿ’ ಅಂದರು ಫಿಟ್ಟರು. ಕೊಟ್ಟ. ಅವರು ಪೆನ್ಸಿಲಿನಿಂದ ಬಾಗಿಲ ಮೇಲೆ ನಾಲ್ಕು, ಚೌಕಟ್ಟಿನ ಮೇಲೆ ನಾಲ್ಕು ಚುಕ್ಕೆ ಇಟ್ಟರು. ಅವನು ಪಕ್ಕದಲ್ಲಿ ಮಂಡಿಯೂರಿ ಸ್ಕ್ರೂಗಳನ್ನು ಅಂಗೈಯಲ್ಲಿ ಹಿಡಿದುಕೊಂಡು ಒಂದೊಂದಾಗಿ ಕೊಡುತ್ತಾ ಹೋದ. ಏಳು ಆದ ಮೇಲೆ ಎಂಟನೆಯದನ್ನು ಬಿಗಿಯಲು ಅವರು ಸ್ಕ್ರೂಡ್ರೈವರನ್ನು ಅವನ ಕಡೆಗೆ ಚಾಚಿದರು. ಅವನು ಪೆನ್ನು ಹಿಡಿದ ಹಾಗೆಯೇ ಹಿಡಿದ. ಅವರು ನಗಲಿಲ್ಲ, ಅವನ ಬೆರಳುಗಳನ್ನು ಬಿಡಿಸಿ, ಹಿಡಿಯನ್ನು ಅಂಗೈಯೊಳಗೆ ಕೂರಿಸಿ, ಮೇಲೆ ತಮ್ಮ ಕೈಯಿಟ್ಟು ತಿರುಗಿಸಿದರು. ಅದು ಒಳಗಿಳಿಯಿತು. ಹತ್ತು ನಿಮಿಷದ ಕೆಲಸ ಎಂದು ಅವಳು ಹೇಳಿದ್ದಳು. ಅಷ್ಟೂ ಹಿಡಿದಿರಲಿಲ್ಲ.

‘ಒಂದ್ಸಲ ಒಳಗೆ ಹೋಗಿ ಹಾಕಿ ನೋಡಿ’ ಅಂದರು.

ಅವನು ಒಳಗೆ ಹೋದ. ಬಾಗಿಲು ಮುಚ್ಚಿ ಚಿಲಕ ಹಾಕಿದ. ಬೆಳಕಿನ ಕಿಂಡಿಯೊಂದು ಬಿಟ್ಟರೆ ಸುತ್ತಲೂ ಗೋಡೆ. ಎರಡು ತಿಂಗಳಿಂದ ಈ ಬಚ್ಚಲಿಗೆ ಬಾಗಿಲೇ ಇರಲಿಲ್ಲವಾದ್ದರಿಂದ ಒಳಗಿನಿಂದ ಅದು ಎಷ್ಟು ಕಿರಿದು ಎಂಬುದು ಅವನಿಗೆ ಮರೆತುಹೋಗಿತ್ತು. ಅವಳು ನಿಂತಿದ್ದು ಇಲ್ಲಿಯೇ. ಈ ಹಲಗೆಯ ಹಿಂದೆ ನಿಂತು ಕರೆದಿದ್ದಳು. ಇಲ್ಲಿಂದ ಕನ್ನಡಿಯಿದ್ದ ಜಾಗ ಬರೀ ಏಳು ಹೆಜ್ಜೆ. ಅವನಿಗೆ ಅಳು ಬಂತು. ಆಸ್ಪತ್ರೆಯಲ್ಲಿ ಬರದ ಅಳು, ಎಲ್ಲರೂ ಬಂದು ಹೋದ ಮೇಲೂ ಬರದ ಅಳು. ಬಾಗಿಲ ಹೊಸ ಹಲಗೆಗೆ ಹಣೆ ಕೊಟ್ಟು ನಿಂತ. ಹೊರಗಿನಿಂದ ಯಾವ ಸದ್ದೂ ಇರಲಿಲ್ಲ.

‘ಯಜಮಾನ್ರೇ’ ಅಂದ ಬಹಳ ಹೊತ್ತಿನ ಮೇಲೆ.

‘ಇಲ್ಲೇ ಇದ್ದೀನಿ.’

‘ಅವತ್ತು ಅವಳು ನನ್ನ ಕರೆದಳು. ಮೂರು ಸಲ ಕರೆದಳು. ಕೇಳಿಸ್ತು ನನಗೆ. ತಲೆ ಬಾಚ್ಕೋತಿದ್ದೆ. ಬೇಕೂಂತ್ಲೇ ಹೋಗ್ಲಿಲ್ಲ.’

ಹೊರಗೆ ಚೀಲದ ಸಾಮಾನು ಅಲುಗಿದ ಸದ್ದಾಯಿತು. ಮುದುಕರು ನೆಲಕ್ಕೆ ಕೂತರೆಂದು ತೋರಿತು.

‘ನಾಲ್ಕು ಸಲ’ ಅಂದರು ಫಿಟ್ಟರು. ‘ನನಗೂ ಕೇಳಿಸ್ತು ಮೇಷ್ಟ್ರೇ. ಬಾಗಿಲು ಗಡಗಡ ಅಂದ ಕೂಡ್ಲೇ ಚೀಲ ತಗೊಂಡು ಮೆಟ್ಟಿಲ ಹತ್ರ ಬಂದೆ. ನಾಲ್ಕನೇದು ಭಾಳ ಸಣ್ಣ ದನಿ. ಮಾಮಾ ಅಂದಂಗಿತ್ತು. ಎರಡು ಮೆಟ್ಟಿಲು ಹತ್ತಿದೆ. ನೀವು ಮನೇಲಿದ್ದೀರಿ, ನೀವಿರುವಾಗ ನಾನು ನುಗ್ಗಿದ್ರೆ ತಾಯಿಗೇ ಬೈಗುಳ ಅಂತ ಮತ್ತೆ ಇಳಿದೆ. ನೀವು ಕರೀತೀರಿ ಅಂತ ನಿಂತೆ.’ ಸ್ಕ್ರೂಡ್ರೈವರು ಚೀಲಕ್ಕೆ ಬಿದ್ದ ಸದ್ದಾಯಿತು. ‘ಕರೀಲಿ ಅಂತ ನಿಂತೆ. ನನಗೂ ಸಿಟ್ಟಿತ್ತು.’

ಕೆಳಗೆ ಗೇಟಿನ ಹತ್ತಿರ ಬಾಮೈದನ ಗೂಡ್ಸ್ ಆಟೋ ಬಂದು ನಿಂತು ಹಾರ್ನ್ ಹೊಡೆಯಿತು. ಅವನು ಜೇಬಿನಿಂದ ಕಾರ್ಡು ತೆಗೆದು ಆ ನಾಲ್ಕು ಅಕ್ಷರಗಳನ್ನು ಕಿಂಡಿಯ ಬೆಳಕಿನಲ್ಲಿ ನೋಡಿ, ಸೋಪಿಡುವ ಗೂಡಿನಲ್ಲಿ ಇಟ್ಟ. ಚಿಲಕದ ಮೇಲೆ ಬೆರಳಿಟ್ಟ. ಒಂದೇ ಬೆರಳಿಗೆ ಸರಿಯಿತು. ಇಷ್ಟು ಹಗುರಾಗಿ ಸರಿಯುತ್ತದೆಂದು ಅವನು ಎಣಿಸಿರಲಿಲ್ಲ. ಮತ್ತೆ ಹಾಕಿದ, ಮತ್ತೆ ತೆಗೆದ. ಚಿಲಕ ತೆಗೆದದ್ದು ಹೊರಗೆ ಕೂತವರಿಗೂ ಕೇಳಿಸಿರಬೇಕು. ಆದರೂ ಅವರು ಬಾಗಿಲು ತಳ್ಳಲಿಲ್ಲ. ಅವನು ಕರೆಯುವುದನ್ನು ಕಾಯುತ್ತಿದ್ದರು.

‘ಒಳಗೆ ಬನ್ನಿ’ ಅಂದ.